ಕಡಲಿನ ಕಿರುಜೀವಿಗಳ ಋತುಚರ್ಯೆ

ನಮ್ಮ ಶಾಲೆ ನೆಲೆಸಿರುವ ಶ್ರೀಗಂಧದ ಕಾವಲಿನ ಹೆಸರಿನಲ್ಲಿಯೇ ಒಂದು ಪಾಠ ಅಡಗಿದೆ. 'ಕಾ' ಎಂದರೆ ರಕ್ಷಿಸು ಎಂದರ್ಥ; ಹಾಗೆ ಕಾದಿರಿಸಿದ ನೆಲವೇ ಕಾವಲು. ಕಾವಲಿಗೆ ಪಾತ್ರವಾದ ಆ ಶ್ರೀಗಂಧದ ಮರವಾದರೋ ಪೂರ್ಣ ಸ್ವಾವಲಂಬಿಯಲ್ಲ. ಹಸುರೆಲೆಗಳುಳ್ಳದ್ದಾದ್ದರಿಂದ ಬಿಸಿಲಿನ ಬಲದಿಂದ ತನ್ನ ಅನ್ನವನ್ನು ತಾನೇ ಅಟ್ಟುಕೊಳ್ಳುತ್ತದೆ. ಆದರೆ ಆ ಅಡುಗೆಗೆ ಬೇಕಾದ ನೀರು, ಲವಣಗಳ ಬಹುಪಾಲನ್ನು ನೆರೆಯ ಗಿಡಮರಗಳ ಬೇರಿಗೆ ತನ್ನ ಹೀರುಬೇರನ್ನು ತಗುಲಿಸಿ ಪಡೆಯುತ್ತದೆ. ಗಂಧದ ಸಸಿ ನೆಡುವವರು ಪಕ್ಕದಲ್ಲಿ ತೊಗರಿಯನ್ನು ಬೆಳೆಸುವುದು ಇದೇ ಕಾರಣಕ್ಕಾಗಿ. ಬೆಳಕು ಹೇರಳ, ಲವಣ ವಿರಳ; ಇದು ಜೀವಲೋಕದ ಹಳೆಯ ಕಷ್ಟ. ಈ ಕಷ್ಟ ಎಲ್ಲಕ್ಕಿಂತ ತೀವ್ರವಾಗಿರುವುದು ನಾವು ಸಂಪತ್ತಿನ ಆಗರವೆಂದು ಭಾವಿಸಿ 'ರತ್ನಾಕರ'ವೆಂದು ಕರೆದ ಸಮುದ್ರದಲ್ಲಿ.

ವ್ಯಾಕರಣ, ಛಂದಸ್ಸುಗಳನ್ನು ಓದಿ ಬೆಳೆದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದುದು ಒಂದು ಶಾಲಾ ಪ್ರವಾಸದಲ್ಲಿ. ಏಪ್ರಿಲ್ ತಿಂಗಳಲ್ಲಿ ವಿದ್ಯಾರ್ಥಿಗಳೊಡನೆ ಮಲ್ಪೆಯ ಕಡಲ ತೀರದಲ್ಲಿ ನಿಂತಿದ್ದಾಗ, ನೀರಿನ ಮೇಲೆ ಗರಗಸದ ಹೊಟ್ಟನ್ನು ಚೆಲ್ಲಿದಂತೆ ಕಂದು ಪಟ್ಟೆಗಳು ತೇಲುತ್ತಿದ್ದವು. "ಯಾರೋ ಕಸ ಸುರಿದಿದ್ದಾರೆ" ಎಂದನು ಒಬ್ಬ ಹುಡುಗ. ನಾನೂ ಹೌದೆಂದೆ. ಊರಿಗೆ ಮರಳಿ ವಿಜ್ಞಾನದ ಅಧ್ಯಾಪಕರನ್ನು ಕೇಳಿದಾಗಲೇ ಅದು ಕಸವಲ್ಲ, ಕಡಲಿಗೆ ಗೊಬ್ಬರವೊದಗಿಸುವ ಜೀವಿ ಎಂದು ತಿಳಿದದ್ದು. ತಪ್ಪು ಹೇಳಿದ ಋಣವನ್ನು ಈ ಲೇಖನದಿಂದ ತೀರಿಸುತ್ತಿದ್ದೇನೆ.

ಸಮುದ್ರದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಹಸುರು ಜೀವಿಗಳು ತೇಲುತ್ತಿರುತ್ತವೆ. ಇವುಗಳಿಗೆ ಸಸ್ಯಪ್ಲವಕಗಳೆಂದು ಹೆಸರು. ಭೂಮಂಡಲದಲ್ಲಿ ಬಿಸಿಲಿನಿಂದ ಆಹಾರವನ್ನು ತಯಾರಿಸುವ ಕಾರ್ಯದಲ್ಲಿ ಸುಮಾರು ಅರ್ಧ ಪಾಲು ಇವುಗಳದ್ದು. ಇವುಗಳ ದೇಹರಚನೆಗೆ ಸಾರಜನಕ, ರಂಜಕ, ಕಬ್ಬಿಣ ಮೊದಲಾದುವು ಬೇಕು. ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ, ಪ್ಲವಕಗಳ ದೇಹದಲ್ಲಿ ರಂಜಕದ 1 ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳು ಸರಾಸರಿಯಾಗಿ ಇರುತ್ತವೆಂದು ತೋರಿಸಿದರು. ಇವುಗಳಲ್ಲಿ ಒಂದು ಕೊರತೆಯಾದರೂ, ಒಂದು ಗಣ ತಪ್ಪಿದ ಪದ್ಯದಂತೆ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಕೊರತೆ ಏಕೆ ಬರುತ್ತದೆ? ಸತ್ತ ಜೀವಿಗಳ ಅವಶೇಷಗಳು ಕೆಳಗಿಳಿದು ಆಳದಲ್ಲಿ ಕೊಳೆತು ಕರಗುತ್ತವೆ. ಆದ್ದರಿಂದ ಲವಣಗಳ ಕಣಜವಿರುವುದು ಕತ್ತಲೆಯ ಆಳದಲ್ಲಿ, ಬೆಳಕಿರುವುದು ಮೇಲೆ. ಬಿಸಿಯಾದ ಮೇಲ್ನೀರು ಹಗುರ. ತಣ್ಣನೆಯ ಆಳದ ನೀರು ಭಾರ. ಎಣ್ಣೆ ನೀರಿನ ಮೇಲೆ ನಿಂತಂತೆ ಹಗುರವಾದದ್ದು ಭಾರವಾದದ್ದರ ಮೇಲೆ ನಿಂತು ಬಾಗಿಲು ಮುಚ್ಚುತ್ತದೆ. ಈ ಬಾಗಿಲನ್ನು ತೆರೆಯುವ, ಮುಚ್ಚುವ ಅಧಿಕಾರ ಋತುಗಳದ್ದು. ನಮ್ಮ ಕನ್ನಡ ಕರಾವಳಿಯನ್ನೇ ಉದಾಹರಣೆಯಾಗಿ ನೋಡೋಣ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಕಾಲ. ಆಗ ಕರಾವಳಿಗುಂಟ ದಕ್ಷಿಣಾಭಿಮುಖವಾಗಿ ಎಳೆಯುವ ಗಾಳಿಯಿಂದಲೂ ಭೂಮಿಯ ಆವರ್ತನದ ಪ್ರಭಾವದಿಂದಲೂ ಮೇಲ್ನೀರು ದಡವನ್ನು ಬಿಟ್ಟು ಪಡುವಣಕ್ಕೆ ಸರಿಯುತ್ತದೆ. ತೆರವಾದ ಎಡೆಗೆ ಆಳದ ತಣ್ಣೀರು ಲವಣಗಳನ್ನು ಹೊತ್ತು ಏರಿಬರುತ್ತದೆ. ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳೂ ಘಟ್ಟದ ಮಣ್ಣಿನ ಸತ್ತ್ವವನ್ನು ತಂದು ಸುರಿಯುತ್ತವೆ. ಇದು ಸುಗ್ಗಿಯ ಕಾಲ. ಆಗ ಮೇಲುಗೈ ಪಡೆಯುವುವು ಡಯಾಟಮ್‌ಗಳೆಂಬ ಜೀವಿಗಳು. ಮರಳಿನ ಸತ್ತ್ವವಾದ ಸಿಲಿಕದಿಂದ ಗಾಜಿನಂಥ ಕವಚವನ್ನು ಕಟ್ಟಿಕೊಂಡು, ಸಿಕ್ಕಿದ್ದನ್ನು ಬೇಗ ಬೇಗ ಉಂಡು, ಬೇಗ ಬೇಗ ಇಮ್ಮಡಿಸುತ್ತವೆ. ಇವನ್ನು ತಿಂದು ಬೂತಾಯಿ ಮೀನು ಕೊಬ್ಬುತ್ತದೆ. ಬಂಗುಡೆಯೂ ಈ ಸಮೃದ್ಧಿಯಲ್ಲಿ ಪಾಲು ಪಡೆಯುತ್ತದೆ. ಜೂನ್, ಜುಲೈ ತಿಂಗಳುಗಳ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಸರ್ಕಾರದ ನಿಯಮದ ಹಿಂದೆ, ಮೀನಿಗೆ ಮರಿಮಾಡಲು ಬಿಡುವಿರಲಿ ಎಂಬ ವಿವೇಕವಿದೆ.

ಮಳೆಗಾಲ ಕಳೆದು ಚಳಿಗಾಲ ಬಂದಾಗ ಪ್ರವಾಹದ ದಿಕ್ಕು ಬದಲಾಗುತ್ತದೆ. ಬಂಗಾಳಕೊಲ್ಲಿಯ ಉಪ್ಪು ಕಡಿಮೆಯಾದ ನೀರು ಶ್ರೀಲಂಕೆಯನ್ನು ಬಳಸಿ ನಮ್ಮ ಪಶ್ಚಿಮ ತೀರದುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಹಗುರವಾದ ಈ ನೀರು ಮೇಲೆ ಹಾಸಿಕೊಂಡು ಆಳದ ಬಾಗಿಲನ್ನು ಮುಚ್ಚುತ್ತದೆ. ಅದೇ ಸಮಯದಲ್ಲಿ ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲಿ ತಣ್ಣನೆಯ ಒಣಗಾಳಿಯಿಂದ ಮೇಲ್ನೀರು ತಂಪಾಗಿ ಮುಳುಗಿ, ಕದಡಿ, ಅಲ್ಲಿ ಇನ್ನೊಂದು ಸುಗ್ಗಿ ನಡೆಯುತ್ತದೆ. ಒಂದೇ ಕಡಲು, ಒಂದೇ ಋತು. ಉತ್ತರದವರಿಗೆ ಹಬ್ಬ, ದಕ್ಷಿಣದವರಿಗೆ ಉಪವಾಸ.

ಮಾರ್ಚ್‌ನಿಂದ ಮೇ ವರೆಗಿನದು ನಿಜವಾದ ಬರಗಾಲ. ಗಾಳಿಯಿಲ್ಲ, ಅಲೆಯಿಲ್ಲ, ಬಿಸಿಲು ಮಾತ್ರ ಧಾರಾಳ. ಈಗ ಬದುಕುಳಿಯಲು ಕಿರುಜೀವಿಗಳು ಕೈಗೊಳ್ಳುವ ಉಪಾಯಗಳು ನಾಲ್ಕು ಬಗೆಯವು.

ಮೊದಲನೆಯದು ದೇಹವನ್ನು ಕಿರಿದಾಗಿಸಿಕೊಳ್ಳುವುದು. ವಸ್ತು ಕಿರಿದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೈಹರವು ಹೆಚ್ಚು. ಹೀರುವ ಸಾಮರ್ಥ್ಯವೂ ಹೆಚ್ಚು. ಸ್ಯಾಲಿ ಚಿಶೋಮ್ ಮತ್ತು ಸಂಗಡಿಗರು 1988ರಲ್ಲಿ ಜಗತ್ತಿಗೆ ಪರಿಚಯಿಸಿದ ಪ್ರೊಕ್ಲೊರೊಕಾಕಸ್ ಎಂಬ ಜೀವಿಯ ಅಡ್ಡಳತೆ ಸುಮಾರು 0.6 ಮೈಕ್ರಾನ್, ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಹಿಡಿಯುತ್ತವೆ.

ಎರಡನೆಯದು ಮಿತವ್ಯಯ. ಜೀವಕೋಶದ ಪೊರೆಗೆ ಸಾಮಾನ್ಯವಾಗಿ ರಂಜಕವುಳ್ಳ ಕೊಬ್ಬು ಬೇಕು. ರಂಜಕ ದುರ್ಲಭವಾದೆಡೆ ಇಂತಹ ಜೀವಿಗಳು ಅದರ ಬದಲು ಕಡಲಿನಲ್ಲಿ ಹೇರಳವಾಗಿರುವ ಗಂಧಕವುಳ್ಳ ಕೊಬ್ಬಿನಿಂದ ಪೊರೆಯನ್ನು ಕಟ್ಟಿಕೊಂಡು, ಉಳಿಸಿದ ರಂಜಕವನ್ನು ವಂಶಸೂತ್ರಕ್ಕಾಗಿ ಮೀಸಲಿಡುತ್ತವೆ.

ಮೂರನೆಯದು ಉಳಿಕೆಯ ಸದ್ವಿನಿಯೋಗ. ಸತ್ತವುಗಳ ಅವಶೇಷದಲ್ಲಿ ಸಿಕ್ಕಿಕೊಂಡಿರುವ ರಂಜಕವನ್ನು ಕೆಲವು ಜೀವಿಗಳು ಕಿಣ್ವಗಳಿಂದ ಕತ್ತರಿಸಿ ತೆಗೆಯುತ್ತವೆ. ಒಂದರ ಉಚ್ಛಿಷ್ಟ ಇನ್ನೊಂದಕ್ಕೆ ಪ್ರಸಾದ.

ನಾಲ್ಕನೆಯದು ಆಕಾಶವನ್ನೇ ಕರೆಯುವುದು. ನಾವು ಮಲ್ಪೆಯಲ್ಲಿ ಕಂಡ 'ಹೊಟ್ಟು' ಟ್ರೈಕೊಡೆಸ್ಮಿಯಮ್ ಎಂಬ ಎಳೆಯಾಕಾರದ ಜೀವಿಗಳ ಸಮೂಹ. ನಾವಿಕರು ಬಹು ಹಿಂದಿನಿಂದಲೂ ಇದನ್ನು ಕಡಲ ಹೊಟ್ಟೆಂದೇ ಕರೆದಿದ್ದಾರೆ. ಗಾಳಿಯ ಸಾರಜನಕ ಬಹುತೇಕ ಜೀವಿಗಳಿಗೆ ಕಣ್ಣೆದುರಿನ ಕೈಗೆಟುಕದ ಹಣ್ಣು. ಟ್ರೈಕೊಡೆಸ್ಮಿಯಮ್ ಅದನ್ನು ಗೊಬ್ಬರವಾಗಿ ಪರಿವರ್ತಿಸಬಲ್ಲದು. ತೊಗರಿಯ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ಮಾಡುವ ಕೆಲಸವೇ ಇದು. ಆದರೆ ಈ ಕೆಲಸದ ಕಿಣ್ವಕ್ಕೆ ಕಬ್ಬಿಣ ಬೇಕು. ಅರೇಬಿಯ, ಥಾರ್ ಮರುಭೂಮಿಗಳಿಂದ ಹಾರಿಬರುವ ಧೂಳು ಅದನ್ನು ಒದಗಿಸುತ್ತದೆ. ಈ ಜೀವಿಗಳ ಗೊಂಚಲು ಧೂಳಿನ ಕಣಗಳನ್ನು ಹಿಡಿದು ತನ್ನ ನಡುವಿಗೆ ಒಯ್ಯುವುದನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಹೀಗೆ ಗಳಿಸಿದ ಸಾರಜನಕದಲ್ಲಿ ಒಂದು ಪಾಲು ಸೋರಿ, ಸತ್ತಾಗ ಉಳಿದದ್ದು ಕರಗಿ, ನೆರೆಯ ಜೀವಿಗಳನ್ನೂ ಪೋಷಿಸುತ್ತದೆ.

ಇವನ್ನೆಲ್ಲ ಅರಿಯುವ ಉದ್ಯಮದಲ್ಲಿ ನಮ್ಮ ನಾಡಿನ ಪಾಲೂ ಇದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1966ರಿಂದ ಈ ಕಡಲನ್ನು ಅಭ್ಯಸಿಸುತ್ತಿದೆ. ಬೆಂಗಳೂರಿನಲ್ಲಿ ನಿರ್ಮಾಣವಾಗಿ 1999ರ ಮೇ 26ರಂದು ಗಗನಕ್ಕೇರಿದ ಓಷನ್‌ಸ್ಯಾಟ್-1 ಉಪಗ್ರಹವು ಸಮುದ್ರದ ಬಣ್ಣದಿಂದ ಪ್ಲವಕಗಳ ಪ್ರಮಾಣವನ್ನು ಅಳೆಯಿತು. ಅದೇ ಸರಣಿಯ ಮೂರನೆಯ ಪೀಳಿಗೆಯ ಉಪಗ್ರಹವು 2022ರಲ್ಲಿ ಉಡಾವಣೆಗೊಂಡಿತು. ಇಂತಹ ಮಾಹಿತಿಯ ನೆರವಿನಿಂದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಮೀನು ದೊರೆಯಬಹುದಾದ ಎಡೆಗಳನ್ನು ಬೆಸ್ತರಿಗೆ ತಿಳಿಸುತ್ತದೆ.

ಆದರೆ ಎರಡು ಆತಂಕಗಳಿವೆ. ಕಡಲಿನ ಮೇಲ್ಪದರ ಬಿಸಿಯೇರಿದಷ್ಟೂ ಆಳದ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ. ಎರಡನೆಯದು ಲವಣದ ಅತಿರೇಕ. ಮಳೆಗಾಲದ ಕೊನೆಯಲ್ಲಿ ನಮ್ಮ ಪಶ್ಚಿಮ ತೀರದ ಕೆಳನೀರಿನಲ್ಲಿ ಆಮ್ಲಜನಕ ಬಹಳವಾಗಿ ಕುಗ್ಗುತ್ತದೆ. ಕೊಳೆಯುವ ಸಾವಯವ ವಸ್ತು ಅದನ್ನು ಕಬಳಿಸುವುದೇ ಕಾರಣ. ಈ ಸ್ಥಿತಿ ತೀವ್ರಗೊಂಡಿದೆಯೆಂದೂ, ನೆಲದಿಂದ ಹರಿದುಬರುವ ಗೊಬ್ಬರ ಅದಕ್ಕೆ ಕಾರಣವಾಗಿರಬಹುದೆಂದೂ ಗೋವೆಯ ವಿಜ್ಞಾನಿಗಳು 2000ದಲ್ಲಿ ಎಚ್ಚರಿಸಿದರು.

ಕಡಲು ದೂರ, ನಮಗೇನು ಎನ್ನುವಂತಿಲ್ಲ. ನಮ್ಮ ಬಡಾವಣೆಗಳ ಬಚ್ಚಲ ನೀರು, ಸಾಬೂನಿನ ಪುಡಿಯ ರಂಜಕವನ್ನೂ ಹೊತ್ತು, ವೃಷಭಾವತಿಯಾಗಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯಲ್ಲಿ ನೊರೆಯುಕ್ಕಿಸಿ, ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರಿ ಬಂಗಾಳಕೊಲ್ಲಿಯತ್ತ ಸಾಗುತ್ತದೆ. ಕಡಲಿನ ಕಿರುಜೀವಿ ಒಂದೊಂದು ಕಣಕ್ಕಾಗಿ ತಪಿಸುವ ವಸ್ತುವನ್ನೇ ನಾವು ಇಲ್ಲಿ ಬೇಡವೆಂದು ಚರಂಡಿಗೆ ಚೆಲ್ಲಿ, ಕೆರೆಯನ್ನು ಕೊಲ್ಲುತ್ತಿದ್ದೇವೆ. ಮಿತವಾಗಿದ್ದಾಗ ಅಮೃತವಾದದ್ದು ಅತಿಯಾದಾಗ ವಿಷವಾಗುತ್ತದೆಂಬ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಅಧ್ಯಾಪಕ ಮಿತ್ರರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಪೋಷಕ ಮಹನೀಯರಲ್ಲಿಯೂ ನನ್ನ ವಿನಂತಿ ಇಷ್ಟೇ: ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಸದಾ ಸಿದ್ಧವಾಗಿರಲಿ, ಸಮೀಪದ ಕೆರೆಯ ಒಂದು ಹನಿಯನ್ನು ಮಕ್ಕಳು ಋತುವಿಗೊಮ್ಮೆ ಅದರಡಿ ನೋಡಿ ಬರೆದಿಡಲಿ. ಮುಂದೆ ಯಾರಾದರೂ ಕಡಲ ತೀರದಲ್ಲಿ ಕಂದು ಪಟ್ಟೆಯನ್ನು ಕಂಡು ಕಸವೆಂದರೆ, ಅಲ್ಲವೆಂದು ಹೇಳಬಲ್ಲ ಮಕ್ಕಳು ನಮ್ಮ ಶಾಲೆಯಲ್ಲಿರಲಿ.