ಕಟ್ಟಡಗಳ ವಿದ್ಯುತ್ ಬಳಕೆ: ಉಳಿತಾಯವನ್ನು ಲೆಕ್ಕ ಹಾಕುವ ಬಗೆ

ಬಳಸಿದ ವಿದ್ಯುತ್ತನ್ನು ಮೀಟರು ತೋರಿಸುತ್ತದೆ. ಬಳಸದೆ ಉಳಿಸಿದ ವಿದ್ಯುತ್ತನ್ನು ತೋರಿಸುವ ಮೀಟರು ಯಾವ ಕಟ್ಟಡದಲ್ಲಿಯೂ ಇಲ್ಲ. ಸುಧಾರಣೆಯನ್ನು ಕೈಗೊಳ್ಳದೆ ಇದ್ದಿದ್ದರೆ ಎಷ್ಟು ವಿದ್ಯುತ್ ಖರ್ಚಾಗುತ್ತಿತ್ತು ಎಂಬುದನ್ನು ಮೊದಲು ನಿರ್ಧರಿಸಿ, ನಿಜವಾಗಿ ಖರ್ಚಾದುದನ್ನು ಅದರಿಂದ ಕಳೆದಾಗಲೇ ಉಳಿತಾಯವು ತಿಳಿಯುತ್ತದೆ. ಹೀಗೆ ನಿರ್ಧರಿಸಿದ ಪ್ರಮಾಣವನ್ನು ‘ಆಧಾರಮಟ್ಟ’ ಎನ್ನಬಹುದು. ಇದು ತಪ್ಪಿದರೆ ಉಳಿತಾಯದ ಲೆಕ್ಕವೆಲ್ಲವೂ ತಪ್ಪುತ್ತದೆ.

ಹೈದರಾಬಾದ್ ಮಹಾನಗರ ಪ್ರದೇಶದ ವಾಣಿಜ್ಯ ಕಟ್ಟಡಗಳಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಹಾಗೂ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೇರಿ, ತಾರಸಿಗಳಿಗೆ ಬಿಳಿಯ ಲೇಪವನ್ನು ಹಚ್ಚಿಸಿ ವಿದ್ಯುತ್ ಬಳಕೆಯನ್ನು ಅಳೆದರು. ಫಲಿತಾಂಶವು 2012ರಲ್ಲಿ ಪ್ರಕಟವಾಯಿತು. ಮೊದಲು ಕಪ್ಪಾಗಿದ್ದ ತಾರಸಿಗೆ ಬಿಳಿಯ ಲೇಪ ಹಚ್ಚಿದಾಗ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್ ಉಳಿದಿತ್ತು. ಅಂದರೆ ಕಟ್ಟಡವನ್ನು ತಂಪಾಗಿಡಲು ಬೇಕಾದ ವಿದ್ಯುತ್ತಿನಲ್ಲಿ ಶೇಕಡ 14ರಿಂದ 26ರಷ್ಟು. ಬರಿಯ ಕಾಂಕ್ರೀಟು ತಾರಸಿಗೆ ಅದನ್ನೇ ಹಚ್ಚಿದರೆ ಉಳಿಯುವುದು 13ರಿಂದ 14 ಯೂನಿಟ್ ಎಂದು ಅವರು ಅಂದಾಜು ಮಾಡಿದರು. ಲೇಪ ಒಂದೇ, ಊರು ಒಂದೇ, ಬಿಸಿಲೂ ಒಂದೇ. ಅಂಕಿಗಳು ಬೇರೆಯಾದುದಕ್ಕೆ ಕಾರಣ, ಮೊದಲು ಅಲ್ಲಿ ಏನಿತ್ತು ಎಂಬುದು. ಕಪ್ಪು ತಾರಸಿಯ ಅಂಕಿಯನ್ನು ಮುಂದೊಡ್ಡಿ ಕಾಂಕ್ರೀಟು ತಾರಸಿಯ ಒಡೆಯನಿಗೆ ಲೇಪವನ್ನು ಮಾರುವುದು ಎಷ್ಟು ಸುಲಭವೆಂಬುದನ್ನು ಓದುಗರು ಊಹಿಸಬಹುದು.

ಆಧಾರಮಟ್ಟವನ್ನು ಕಂಡುಹಿಡಿಯಲು ಹಿಂದಿನ ವರ್ಷದ ಬಿಲ್ಲನ್ನು ನೋಡಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೈದರಾಬಾದಿನ ಒಂದು ಕಚೇರಿಯ ಹನ್ನೆರಡು ತಿಂಗಳ ಬಿಲ್ಲುಗಳನ್ನೂ ಅದೇ ಅವಧಿಯ ಉಷ್ಣತೆಯನ್ನೂ ಹೋಲಿಸಿ ನೋಡಿದಾಗ, ದೀಪ, ಲಿಫ್ಟು, ಗಣಕಯಂತ್ರಗಳಿಗಾಗಿ ತಿಂಗಳಿಗೆ 20,000 ಯೂನಿಟ್ ಹೇಗೂ ಬೇಕಾಗುತ್ತದೆಂದು ತಿಳಿಯಿತೆನ್ನಿ. ಇದರ ಮೇಲೆ, ದಿನದ ಸರಾಸರಿ ಉಷ್ಣತೆಯು 24 ಡಿಗ್ರಿಯನ್ನು ಮೀರಿದ ಒಂದೊಂದು ಡಿಗ್ರಿಗೂ ದಿನಕ್ಕೆ 100 ಯೂನಿಟ್ ಹೆಚ್ಚುತ್ತದೆ. ಹೀಗೆ ಮೀರಿದ ಡಿಗ್ರಿಗಳನ್ನು ತಿಂಗಳಿಡೀ ಕೂಡಿಸಿದಾಗ ಬರುವ ಮೊತ್ತಕ್ಕೆ ‘ಡಿಗ್ರಿ-ದಿನ’ ಎಂದು ಹೆಸರು. ಕಳೆದ ಮೇ ತಿಂಗಳಿನಲ್ಲಿ ಆಗಾಗ ಮಳೆ ಬಂದು 230 ಡಿಗ್ರಿ-ದಿನಗಳಷ್ಟೇ ಆದವು; ಬಿಲ್ಲು 43,000 ಯೂನಿಟ್. ಅನಂತರ ಹವಾನಿಯಂತ್ರಣ ಯಂತ್ರಗಳನ್ನು ಬದಲಾಯಿಸಲಾಯಿತು. ಈ ಮೇ ತಿಂಗಳು ಬಿಸಿಲು ಹೆಚ್ಚಿ 279 ಡಿಗ್ರಿ-ದಿನಗಳಾದವು. ಬಿಲ್ಲು 43,100 ಯೂನಿಟ್. ಬಿಲ್ಲುಗಳನ್ನಷ್ಟೇ ನೋಡಿದ ಲೆಕ್ಕಿಗನು ಹಣವೆಲ್ಲ ವ್ಯರ್ಥವಾಯಿತೆಂದು ಬರೆದಾನು. ಆದರೆ ಹಳೆಯ ಯಂತ್ರಗಳೇ ಇದ್ದಿದ್ದರೆ ಈ ಬಿಸಿಲಿಗೆ 47,900 ಯೂನಿಟ್ ಬೇಕಾಗುತ್ತಿತ್ತು. ಉಳಿದದ್ದು 4,800 ಯೂನಿಟ್, ಅಂದರೆ ಶೇಕಡ ಹತ್ತರಷ್ಟು.

ಒಂದು ಕಟ್ಟಡಕ್ಕೆ ಈ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬಹುದು. ಹತ್ತಾರು ಕಡೆ ಕಟ್ಟಡಗಳಿರುವ ಸಂಸ್ಥೆಗೆ ತಂತ್ರಾಂಶದ ನೆರವು ಬೇಕು. ಒಂದು ಕಟ್ಟಡದ ಮೀಟರನ್ನು ತಿಂಗಳ 5ರಂದು ಓದಿದರೆ ಇನ್ನೊಂದನ್ನು 18ರಂದು ಓದುತ್ತಾರೆ. ತಂತ್ರಾಂಶವು ಇವನ್ನು ದಿನಗಳ ಲೆಕ್ಕಕ್ಕೆ ತಂದು ಹೊಂದಿಸುತ್ತದೆ. ಪ್ರತಿ ಕಟ್ಟಡದ ಬಳಕೆಗೂ ಅದರ ಊರಿನ ಉಷ್ಣತೆಗೂ ಇರುವ ಸಂಬಂಧವನ್ನು ಬೇರೆಬೇರೆಯಾಗಿ ಕಂಡುಹಿಡಿಯುತ್ತದೆ. ಇದು ಅವಶ್ಯಕ. ದೇಶದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿ ಹೈದರಾಬಾದು ಮಿಶ್ರ ಹವಾಮಾನದ ವಲಯಕ್ಕೂ ಬೆಂಗಳೂರು ಸಮಶೀತೋಷ್ಣ ವಲಯಕ್ಕೂ ಸೇರಿವೆ. ಒಂದೂರಿನ ಕಚೇರಿಯ ಸೂತ್ರವು ಇನ್ನೊಂದೂರಿನ ಕಚೇರಿಗೆ ಹೊಂದದು. ಒಂದೇ ಆವರಣದ ಆಸ್ಪತ್ರೆಗೂ ವಿದ್ಯಾರ್ಥಿನಿಲಯಕ್ಕೂ ಸಹ ಒಂದೇ ಸೂತ್ರ ಹೊಂದದು. ಎಲ್ಲ ಬಿಲ್ಲುಗಳನ್ನೂ ಒಟ್ಟುಗೂಡಿಸಿ ಒಂದೇ ಆಧಾರಮಟ್ಟವನ್ನು ತೆಗೆದರೆ, ಒಂಬತ್ತು ಕಟ್ಟಡಗಳ ಉಳಿತಾಯದ ಹಿಂದೆ ಹತ್ತನೆಯದರ ಪೋಲು ಅಡಗಿಕೊಳ್ಳುತ್ತದೆ.

ಆದರೆ ತಂತ್ರಾಂಶವು ತನಗೆ ಕೊಟ್ಟುದನ್ನು ಮಾತ್ರ ಬಲ್ಲದು. ವಿದ್ಯುತ್ ಕಡಿತವಾದಾಗ ಡೀಸೆಲ್ ಜನರೇಟರು ಒದಗಿಸಿದ ಯೂನಿಟ್‌ಗಳು ಬಿಲ್ಲಿನಲ್ಲಿ ಇರುವುದಿಲ್ಲ. ಅವನ್ನು ಬೇರೆಯಾಗಿ ಬರೆದಿಡಬೇಕು. ದೊಡ್ಡ ಕಟ್ಟಡಗಳ ಮೀಟರಿನ ಅಂಕಿಯನ್ನು ಒಂದು ಗುಣಕದಿಂದ ಗುಣಿಸಬೇಕಾಗುತ್ತದೆ. ಆ ಗುಣಕ ತಪ್ಪಿದರೆ ಇಡೀ ವರ್ಷದ ಲೆಕ್ಕವೇ ಇಮ್ಮಡಿಯೋ ಅರ್ಧವೋ ಆಗುತ್ತದೆ. ಎರಡು ಕಟ್ಟಡಗಳಿಗೆ ಒಂದೇ ಮೀಟರಿದ್ದರೆ ತಂತ್ರಾಂಶಕ್ಕೆ ಅದು ಗೊತ್ತಾಗದು. ಈ ಬಗೆಯ ವಿವರಗಳಿಗಾಗಿ ಯಾರಾದರೂ ಒಮ್ಮೆ ಮೀಟರಿನ ಕೋಣೆಗೆ ಹೋಗಿ ನೋಡಿಯೇ ಬರಬೇಕು.

ಆಧಾರವರ್ಷದ ಆಯ್ಕೆಯೂ ಸಾಮಾನ್ಯ ವಿಷಯವಲ್ಲ. 2020ರ ಮಾರ್ಚಿಯಿಂದ ಕೋವಿಡ್ ನಿರ್ಬಂಧಗಳಿಂದಾಗಿ ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಕಚೇರಿಗಳು ಬರಿದಾಗಿದ್ದವು. ಆ ವರ್ಷವನ್ನು ಆಧಾರವಾಗಿಟ್ಟುಕೊಂಡರೆ, ಮುಂದೆ ಎಷ್ಟು ಶ್ರಮಪಟ್ಟರೂ ನಷ್ಟವೇ ಕಾಣಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಬಳಕೆಯು ಅಸಹಜವಾಗಿ ಹೆಚ್ಚಿದ್ದ ವರ್ಷವನ್ನು ಆರಿಸಿಕೊಂಡರೆ ಏನೂ ಮಾಡದೆಯೇ ಉಳಿತಾಯ ಕಾಣಿಸುತ್ತದೆ. ಇಂಧನ ಸೇವಾ ಕಂಪನಿಗಳು ತಮ್ಮ ಹಣದಿಂದ ಸುಧಾರಣೆ ಮಾಡಿ, ಉಳಿತಾಯದಲ್ಲಿ ಪಾಲು ಪಡೆಯುವ ಕರಾರುಗಳಲ್ಲಿ ಈ ಆಯ್ಕೆಯೇ ಹಣವಾಗುತ್ತದೆ. ಕಟ್ಟಡವು ಸರ್ಕಾರಿ ಆಸ್ಪತ್ರೆಯೋ ಶಾಲೆಯೋ ಆಗಿದ್ದಲ್ಲಿ ಆ ಹಣ ಸಾರ್ವಜನಿಕರದು. ಆದ್ದರಿಂದ ಕೆಲಸ ಆರಂಭವಾಗುವ ಮೊದಲೇ ಆಧಾರಮಟ್ಟವನ್ನು ನಿಗದಿಮಾಡಿ ಎರಡೂ ಪಕ್ಷದವರು ಸಹಿ ಹಾಕುವುದು ಒಳಿತು. ಮುಂದೆ ಹೊಸ ಮಹಡಿ ಕಟ್ಟಿದರೆ ಅಥವಾ ಕೆಲಸದ ಪಾಳಿ ಹೆಚ್ಚಿದರೆ, ಕಾರಣವನ್ನು ಬರೆದು ಅದನ್ನು ತಿದ್ದಬೇಕು.

ತಂತ್ರಾಂಶ ಕೊಟ್ಟ ಸೂತ್ರವನ್ನು ಪರೀಕ್ಷಿಸುವ ಕ್ರಮವೂ ಉಂಟು. ಸೂತ್ರದಿಂದ ಬಂದ ಮಾಸಿಕ ಅಂಕಿಗಳನ್ನು ಆಯಾ ತಿಂಗಳ ನಿಜವಾದ ಬಿಲ್ಲುಗಳೊಂದಿಗೆ ಹೋಲಿಸಿ ನೋಡುತ್ತಾರೆ. ಅಂತರವು ದೊಡ್ಡದಾಗಿದ್ದಲ್ಲಿ, ಲೆಕ್ಕಕ್ಕೆ ಬಾರದ ಸಂಗತಿ ಯಾವುದೋ ಆ ಕಟ್ಟಡದಲ್ಲಿದೆ ಎಂದು ತಿಳಿಯಬೇಕು: ಪರೀಕ್ಷಾ ರಜೆ ಇರಬಹುದು, ರಾತ್ರಿಯಿಡೀ ಓಡುವ ಪಂಪು ಇರಬಹುದು. ತಂತ್ರಾಂಶ ಕೊಳ್ಳಲಾಗದ ಸಣ್ಣ ಸಂಸ್ಥೆಗಳಿಗೆ, ಕಳೆದ ಹನ್ನೆರಡು ಬಿಲ್ಲುಗಳು, ಮೀಟರು ಓದಿದ ದಿನಾಂಕಗಳು, ಹವಾಮಾನ ಇಲಾಖೆಯ ದೈನಂದಿನ ಉಷ್ಣತೆ ಮತ್ತು ಸಾಧಾರಣ ಗಣಕಯಂತ್ರದ ಲೆಕ್ಕಪಟ್ಟಿ ಇವಿಷ್ಟಿದ್ದರೆ ಕೆಲಸ ಆರಂಭಿಸಲು ಸಾಕು.