ಮನೆಯೊಳಗಿನ ಸಮುದ್ರ

ಶತಪಥ ಬ್ರಾಹ್ಮಣದಲ್ಲಿ ಬರುವ ಮನುವಿನ ಮೀನಿನ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ಪ್ರಾತಃಕಾಲದಲ್ಲಿ ಕೈತೊಳೆಯಲು ತಂದ ನೀರಿನಲ್ಲಿ ಮನುವಿಗೆ ಒಂದು ಕಿರುಮೀನು ದೊರೆಯಿತು. ಹಿರಿಯ ಮೀನುಗಳು ಕಿರಿಯವನ್ನು ನುಂಗುವುವಾದುದರಿಂದ, ತಾನು ಬೆಳೆಯುವ ತನಕ ತನ್ನನ್ನು ಕಾಪಾಡಬೇಕೆಂದು ಅದು ಬೇಡಿತು. ಮನುವು ಅದನ್ನು ಮೊದಲು ಕೊಡದಲ್ಲಿಯೂ ಬಳಿಕ ಹೊಂಡದಲ್ಲಿಯೂ ಇರಿಸಿ, ಕಡೆಗೆ ಸಮುದ್ರಕ್ಕೆ ಬಿಟ್ಟನು. ಮೂವತ್ತು ವರ್ಷಕಾಲ ಪಾಠಶಾಲೆಯಲ್ಲಿ ಈ ಕಥೆಯನ್ನು ಹೇಳಿದ ನಾನು, ಆ ಕೊಡದ ನೀರು ಕೆಡದೆ ಉಳಿದುದು ಹೇಗೆಂದು ಒಮ್ಮೆಯೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವನು ಇಂದಿರಾನಗರದಲ್ಲಿರುವ ನನ್ನ ಮಗಳ ಮಗ. ಹದಿನಾರು ವರ್ಷದ ಹುಡುಗ.

ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ತೆರೆದ ಸರ್ಕಾರೀ ಮತ್ಸ್ಯಾಲಯಕ್ಕೆ ನಾನು ಅನೇಕ ಸಲ ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೆನು. ಅಲ್ಲಿ ಅವರು ಬೆರಗಾಗಿ ನೋಡುತ್ತಿದ್ದ ಚಿನ್ನದ ಮೀನುಗಳು ಸಿಹಿನೀರಿನವು. ನನ್ನ ಮೊಮ್ಮಗನ ಆಸೆ ಬೇರೆಯದಾಗಿದ್ದಿತು. ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ, ವಿದೂಷಕ ಮೀನು ಎನ್ನಬಹುದಾದ ಕ್ಲೌನ್ ಮೀನನ್ನೂ, ಅದರ ಸುತ್ತ ಹವಳದ ದಿಬ್ಬವನ್ನೂ ತನ್ನ ಕೋಣೆಯಲ್ಲಿ ಕಾಣಬೇಕೆಂದು ಅವನ ಹಂಬಲ. ಹಬ್ಬಹುಟ್ಟುಹಬ್ಬಗಳಿಗೆ ಹಿರಿಯರು ಕೊಟ್ಟ ಹಣವನ್ನು ಎರಡು ವರ್ಷ ಕೂಡಿಟ್ಟು, ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದನು. ಅಂಗಡಿಯಾತನು ಮೂರು ದಿನ ನೀರು ನಿಂತರೆ ಸಾಕೆಂದು ಹೇಳಿದ್ದನು. ಮೂರನೆಯ ದಿನ ಮೂರು ಮೀನುಗಳು ಬಂದುವು. ಎಂಟನೆಯ ದಿನ ಒಂದೂ ಉಳಿಯಲಿಲ್ಲ.

ಹುಡುಗನು ನನ್ನನ್ನು ಕರೆಸಿದನು. "ತಾತ, ನೀರು ಕನ್ನಡಿಯಂತೆ ತಿಳಿಯಾಗಿದೆ. ಹಾಗಿದ್ದರೂ ಇವು ಏಕೆ ಸತ್ತುವು?" ಎಂದು ಕೇಳಿದನು. ಉತ್ತರ ನನ್ನಲ್ಲಿರಲಿಲ್ಲ. ಇಬ್ಬರೂ ಕೂಡಿ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಇಲ್ಲಿ ಬರೆಯುವೆನು. ಈ ಹವ್ಯಾಸಕ್ಕೆ ಕೈಹಾಕಬೇಕೆಂದಿರುವ ಮನೆಯವರಿಗೆ ಇದರಿಂದ ಕೆಲವು ಜೀವಗಳಾದರೂ ಉಳಿದಾವು.

ಮೀನಿನ ಉಸಿರಿನಿಂದಲೂ ಮಲದಿಂದಲೂ, ಅದು ತಿನ್ನದೆ ಬಿಟ್ಟ ಆಹಾರದಿಂದಲೂ ನೀರಿನಲ್ಲಿ ಅಮೋನಿಯವೆಂಬ ವಿಷವು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣದು. ನೀರಿನ ಕ್ಷಾರಗುಣ ಹೆಚ್ಚಿದಷ್ಟೂ ಅದರ ಘಾತಕಶಕ್ತಿ ಹೆಚ್ಚು. ಸಮುದ್ರದ ನೀರಾದರೋ ಸಹಜವಾಗಿಯೇ ಕ್ಷಾರಗುಣವುಳ್ಳದ್ದು. ಕಲ್ಲುಮರಳುಗಳ ಮೇಲೆ ನೆಲೆಸುವ ಒಂದು ಬಗೆಯ ಸೂಕ್ಷ್ಮಾಣುಗಳು ಈ ಅಮೋನಿಯವನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವು. ಕೊನೆಯದು ಅಷ್ಟು ಅಪಾಯಕರವಲ್ಲ. ಆಗಾಗ ಸ್ವಲ್ಪ ನೀರನ್ನು ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ. ಈ ಸೂಕ್ಷ್ಮಾಣುಗಳು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಹುಡುಗನ ತೊಟ್ಟಿಯಲ್ಲಿ ನೀರು ಇದ್ದಿತು, ಉಪ್ಪು ಇದ್ದಿತು, ದೀಪವಿದ್ದಿತು. ಕೊಳೆಯನ್ನು ಕಳೆಯುವ ಈ ಕಾಣದ ಪರಿವಾರ ಮಾತ್ರ ಇರಲಿಲ್ಲ.

ತೊಟ್ಟಿಗೆ ಒದಗಿದ ಗತಿ ಕೆರೆಗೂ ಒದಗಬಲ್ಲುದು. 2016ರ ಮಾರ್ಚ್ ತಿಂಗಳಲ್ಲಿ ನಮ್ಮ ಹಲಸೂರು ಕೆರೆಯ ಅಂಚಿನಲ್ಲಿ ಸಹಸ್ರಾರು ಮೀನುಗಳು ಸತ್ತು ತೇಲಿದುದನ್ನು ಈ ಭಾಗದವರು ಮರೆತಿರಲಾರರು. ಚರಂಡಿಯ ಕೊಳೆ ಸೇರಿ, ನೀರಿನಲ್ಲಿದ್ದ ಆಮ್ಲಜನಕವು ಕುಗ್ಗಿದುದೇ ಅದಕ್ಕೆ ಮುಖ್ಯ ಕಾರಣ. ನೀರು ತಾಳುವಷ್ಟಕ್ಕಿಂತ ಹೆಚ್ಚು ಭಾರವನ್ನು ಅದರ ಮೇಲೆ ಹೊರಿಸಿದರೆ ಅಷ್ಟು ದೊಡ್ಡ ಕೆರೆಯೇ ಉಸಿರುಗಟ್ಟುವುದಾದರೆ, ಮೂರಡಿಯ ಗಾಜಿನ ತೊಟ್ಟಿಯ ಪಾಡೇನು?

ಎರಡನೆಯ ಸಲ ಮೊದಲಿನಿಂದ ಆರಂಭಿಸಿದೆವು. ಕಲ್ಲುಮರಳುಗಳಿಗೆ ಎಡೆ ಬಿಟ್ಟು ತೊಟ್ಟಿ ಹಿಡಿಯುವ ನೀರು ಸುಮಾರು 160 ಲೀಟರು. ಗಾಜು, ಕಲ್ಲು, ನೀರು ಸೇರಿ ಭಾರವು 200 ಕಿಲೋ ಮೀರುವುದರಿಂದ ಗಟ್ಟಿಯಾದ, ಅಲುಗದ ಪೀಠವು ಅವಶ್ಯಕ. ಅಡುಗೆಯ ಉಪ್ಪು ಇದಕ್ಕೆ ಒದಗದು. ಸಮುದ್ರಜಲದಲ್ಲಿರುವ ಸುಣ್ಣ, ಮೆಗ್ನೀಸಿಯಂ ಮುಂತಾದ ಅಂಶಗಳೆಲ್ಲ ಕೂಡಿರುವ ಲವಣಮಿಶ್ರಣವನ್ನೇ ತರಬೇಕು. ಲೀಟರಿಗೆ ಸುಮಾರು 35 ಗ್ರಾಮಿನಂತೆ ನಮಗೆ ಆರು ಕಿಲೋಗೆ ಸ್ವಲ್ಪ ಕಡಿಮೆ ಬೇಕಾಯಿತು. ಅದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನವೆಲ್ಲ ಪಂಪಿನಿಂದ ಕಲಕಿ, ಬಳಿಕ ತೊಟ್ಟಿಗೆ ತುಂಬಿದೆವು. ನೀರಿನ ಉಷ್ಣತೆಯನ್ನು 25ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿದೆವು. ಮೀನಿಲ್ಲದ ಆ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದೆವು. ಅದು ಕೊಳೆತು ಬರುವ ಅಮೋನಿಯವೇ ಸೂಕ್ಷ್ಮಾಣುಗಳಿಗೆ ಊಟ. ಹನಿಹಾಕಿ ಬಣ್ಣ ನೋಡುವ ಪರೀಕ್ಷಾದ್ರವಗಳಿಂದ ದಿನ ಬಿಟ್ಟು ದಿನ ನೀರನ್ನು ಪರೀಕ್ಷಿಸಿ, ಅಂಕೆಗಳನ್ನು ಒಂದು ಪುಸ್ತಕದಲ್ಲಿ ಬರೆಯುವಂತೆ ಹುಡುಗನಿಗೆ ವಿಧಿಸಿದೆನು. ಮೊದಲು ಅಮೋನಿಯ ಏರಿ ಇಳಿಯಿತು. ಅನಂತರ ನೈಟ್ರೈಟು ಏರಿ ಇಳಿಯಿತು. ಎರಡೂ ಸೊನ್ನೆಗೆ ಬಂದು ನಿಂತುದು ಮೂವತ್ತೊಂಬತ್ತನೆಯ ದಿನ.

ಈ ನಡುವೆ ಮರಳಿನ ಮೇಲೆ ಕಂದುಬಣ್ಣದ ಪಾಚಿ ಹಬ್ಬಿತು. ಆಮೇಲೆ ಕಲ್ಲಿನ ಮೇಲೆ ಹಸುರು ಪಾಚಿ ಎದ್ದಿತು. ತೊಟ್ಟಿ ಹಾಳಾಯಿತೆಂದು ಹುಡುಗನು ಎಲ್ಲವನ್ನೂ ತೊಳೆಯಲು ಹೊರಟನು. ಹಾಗೆ ತೊಳೆದಿದ್ದರೆ ಬೆಳೆದ ಸೂಕ್ಷ್ಮಾಣುಗಳೂ ಬಹುಮಟ್ಟಿಗೆ ತೊಳೆದುಹೋಗುತ್ತಿದ್ದುವು. ಹೊಸ ತೊಟ್ಟಿಯಲ್ಲಿ ಇದು ಸಹಜಕ್ರಮ. ದೀಪವನ್ನು ದಿನಕ್ಕೆ ಎಂಟು ಗಂಟೆಗೆ ಮಿತಿಗೊಳಿಸಿ, ಕೈಯಿಂದ ಕಿತ್ತಷ್ಟು ಕಿತ್ತು, ತಾಳ್ಮೆಯಿಂದಿರುವುದೇ ಲೇಸು.

ನಮ್ಮ ಊರಿಗೆ ವಿಶೇಷವಾದ ತೊಡಕುಗಳೂ ಕೆಲವುಂಟು. ನಲ್ಲಿಯಲ್ಲಿ ಬರುವ ಕಾವೇರಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತದೆ. ಕೃಷ್ಣರಾಜಪುರದ ಕಡೆಯ ಅನೇಕ ಮನೆಗಳಲ್ಲಿ ಕೊಳವೆಬಾವಿಯ ಗಡಸುನೀರೇ ಗತಿ. ಆದುದರಿಂದ ಆರ್‌ಓ ಯಂತ್ರದಲ್ಲಿ ಶೋಧಿಸಿದ ನೀರಿನಲ್ಲಿಯೇ ಲವಣವನ್ನು ಕರಗಿಸತಕ್ಕದ್ದು. ಉಪ್ಪುನೀರು ಸಿಹಿನೀರಿಗಿಂತ ಐದರಲ್ಲೊಂದು ಪಾಲಿನಷ್ಟು ಕಡಿಮೆ ಆಮ್ಲಜನಕವನ್ನು ಹಿಡಿದಿಡುವುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಕಾರಣ ಇಲ್ಲಿಯ ವಾಯುವಿನ ಒತ್ತಡವೂ ಹತ್ತರಲ್ಲೊಂದು ಪಾಲು ಕಡಿಮೆ. ಹೀಗಿರಲು ಕಡಲತೀರದ ಊರಿನವರಿಗಿಂತ ನಾವು ಮೀನುಗಳ ಸಂಖ್ಯೆಯಲ್ಲಿ ಹೆಚ್ಚು ಸಂಯಮವನ್ನು ತೋರಿಸಬೇಕು. ನೀರಿನ ಮೇಲ್ಮೈಯನ್ನು ಸದಾ ಕಲಕುತ್ತಿರಬೇಕು. ವಿದ್ಯುತ್ತು ಹೋದಾಗ ನಡೆಯುವಂತೆ ಬ್ಯಾಟರಿಯ ಗಾಳಿಪಂಪೊಂದನ್ನು ಸಿದ್ಧವಾಗಿಟ್ಟಿರಬೇಕು. ಏಪ್ರಿಲ್ ತಿಂಗಳ ಬೇಸಗೆಯಲ್ಲಿ ನೀರಿನ ಮೇಲೆ ಸಣ್ಣ ಬೀಸಣಿಗೆ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ; ಆದರೆ ಆವಿಯಾಗುವ ನೀರೂ ಹೆಚ್ಚುತ್ತದೆ.

ಆವಿಯ ವಿಷಯದಲ್ಲಿ ನಾನೇ ಎಸಗಿದ ತಪ್ಪನ್ನು ಮರೆಮಾಡಲಾರೆನು. ಮೀನುಗಳನ್ನು ಬಿಡುವ ಮೊದಲು, ಮಗಳ ಮನೆಯವರು ಒಂದು ವಾರ ಮೈಸೂರಿಗೆ ಹೋದಾಗ ತೊಟ್ಟಿಯ ಭಾರ ನನ್ನ ಮೇಲೆ ಬಿದ್ದಿತು. ದಿನಕ್ಕೆ ಸುಮಾರು ಎರಡು ಲೀಟರು ನೀರು ಇಂಗುತ್ತಿದ್ದಿತು. ಉಪ್ಪುನೀರು ಕಡಮೆಯಾದರೆ ಉಪ್ಪುನೀರನ್ನೇ ತುಂಬಬೇಕಲ್ಲವೆ ಎಂದು, ಬೆರೆಸಿಟ್ಟಿದ್ದ ಲವಣಜಲವನ್ನು ಪ್ರತಿದಿನವೂ ಸುರಿದೆನು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದು ಎಂಬ ಐದನೆಯ ತರಗತಿಯ ಪಾಠ ಈ ಮುದುಕನಿಗೆ ನೆನಪಾಗಲಿಲ್ಲ. ವಾರದ ಕೊನೆಗೆ ಲೀಟರಿಗೆ 35 ಗ್ರಾಮಿದ್ದ ಉಪ್ಪು 38ಕ್ಕೆ ಏರಿದ್ದಿತು. ಮೀನುಗಳಿರದಿದ್ದುದೇ ಪುಣ್ಯ. ಹುಡುಗನು ಪುಸ್ತಕದಲ್ಲಿ ಅಂಕೆಯನ್ನು ಬರೆದು, ಪಕ್ಕದಲ್ಲಿ "ತಾತನ ಲೆಕ್ಕ" ಎಂದು ಷರಾ ಹಾಕಿದನು. ಆದುದರಿಂದ ವಾಚಕರು ನೆನಪಿಡತಕ್ಕದ್ದು: ಇಂಗಿದುದಕ್ಕೆ ಶುದ್ಧವಾದ ಸಿಹಿನೀರು, ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲನ್ನು ತೆಗೆದು ಬದಲಾಯಿಸುವಾಗ ಮಾತ್ರ ಲವಣಜಲ.

ಇನ್ನು ಹವಳದ ಮಾತು. ಸಂಸ್ಕೃತದ ಪ್ರವಾಳವೇ ನಮ್ಮ ಹವಳ. ಆಭರಣವಾಗಿ ಬಲ್ಲ ನಾವು ಅದನ್ನು ಕಲ್ಲೆಂದು ಭಾವಿಸುವೆವು. ಅದು ಪ್ರಾಣಿಗಳು ಕಟ್ಟಿದ ಗೂಡು. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಗಳು ವಾಸಿಸಿ, ಸೂರ್ಯಪ್ರಕಾಶದಿಂದ ತಯಾರಿಸಿದ ಆಹಾರದಲ್ಲಿ ಅದಕ್ಕೂ ಪಾಲು ಕೊಡುವುವು. ನೀರು ಕೆಲವು ವಾರ ಅತಿಯಾಗಿ ಬಿಸಿಯಾದರೆ ಈ ನಂಟು ಮುರಿದು ಹವಳವು ಬಿಳಿಚಿಕೊಳ್ಳುತ್ತದೆ. 1998, 2010, 2016ನೆಯ ವರ್ಷಗಳಲ್ಲಿ ಲಕ್ಷದ್ವೀಪದ ದಿಬ್ಬಗಳು ಹೀಗೆ ಬಿಳಿಚಿ, ಬಹಳ ಹಾನಿಯಾಯಿತು. ನಮ್ಮ ಕರ್ನಾಟಕದಲ್ಲಿಯೂ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ದೊರೆತಿರುವ ರಕ್ಷಣೆಯೇ ಅವಕ್ಕೂ ಉಂಟು. ಸಮುದ್ರದಿಂದ ಅವನ್ನು ಕೀಳುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ಕಡಲಕುದುರೆಗೂ ಇದೇ ನಿಯಮ.

ಇದನ್ನು ಅರಿಯುವ ಮೊದಲೇ ನಮ್ಮ ಹುಡುಗನಿಗೆ ಒಬ್ಬನು ಪ್ಲಾಸ್ಟಿಕ್ಕು ಚೀಲದಲ್ಲಿ ಹಸುರುಮಿಶ್ರಿತ ಹವಳದ ತುಂಡೊಂದನ್ನು ತೋರಿಸಿ ಬೆಲೆ ಹೇಳಿದ್ದನು. ಅದು ಬಹು ಸುಂದರವಾಗಿದ್ದಿತಂತೆ. ಅವನ ಹಂಬಲದ ಅರ್ಧಭಾಗವೇ ಅದು. ಎರಡು ದಿನ ಅವನು ಸರಿಯಾಗಿ ಊಟಮಾಡಲಿಲ್ಲ. "ಒಂದು ತುಂಡಿನಿಂದ ಸಮುದ್ರಕ್ಕೆ ಏನಾದೀತು, ತಾತ?" ಎಂದನು. ನಾನು ಬೋಧನೆ ಮಾಡಲಿಲ್ಲ. ಮೂರು ಮೀನುಗಳು ಸತ್ತ ದಿನದ ಪುಟವನ್ನು ತೆರೆದು ಅವನ ಮುಂದಿಟ್ಟೆನು. ಅವನು ಹವಳವನ್ನು ಕೊಳ್ಳಲಿಲ್ಲ. ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲುಗಳನ್ನೇ ದಿಬ್ಬದಂತೆ ಜೋಡಿಸಿ, ನಡುವೆ ಮೀನು ನುಸುಳುವಷ್ಟು ಗುಹೆಗಳನ್ನು ಬಿಟ್ಟನು.

ಮೀನಿನ ವಿಷಯದಲ್ಲಿಯೂ ಇದೇ ವಿವೇಕ ಸಾಧ್ಯ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಹೀಗೆ ಹುಟ್ಟಿದ ಮರಿಗಳು ಗಾಜಿನೊಳಗಣ ಬಾಳಿಗೂ ಒಣ ಆಹಾರಕ್ಕೂ ಮೊದಲೇ ಒಗ್ಗಿರುತ್ತವೆ. ಅವನ್ನು ಕೊಂಡರೆ ಸಮುದ್ರದ ಸಂಪತ್ತು ಕರಗದು. ಕೊಳ್ಳುವಾಗ ಅವು ತೊಟ್ಟಿಯಲ್ಲಿ ಹುಟ್ಟಿದುವೇ ಎಂದು ಕೇಳಿ, ಅಂಗಡಿಯಲ್ಲಿ ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿ ತರಬೇಕು.

ಏಳನೆಯ ವಾರ ಅಂತಹ ಎರಡು ಮರಿಗಳು ಬಂದುವು. ಹೆಬ್ಬೆರಳ ಗಾತ್ರವೂ ಇರಲಿಲ್ಲ. ಚೀಲವನ್ನು ತೊಟ್ಟಿಯಲ್ಲಿ ತೇಲಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಮರಿಗಳನ್ನು ಜಾಲರಿಯಿಂದೆತ್ತಿ ಒಳಗೆ ಬಿಟ್ಟೆವು. ಆಹಾರ ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಈಗ ಎಂಟು ತಿಂಗಳು ಕಳೆದಿವೆ, ಎರಡೂ ಜೀವಿಸಿವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುವುದೆಂಬುದು ಈ ಜಾತಿಯ ನಿಯಮ; ಒಂದು ಆಗಲೇ ಮತ್ತೊಂದಕ್ಕಿಂತ ದಪ್ಪವಾಗಿದೆ.

ಒಳ್ಳೆಯ ಪೋಷಣೆಯಲ್ಲಿ ಈ ಮೀನುಗಳು ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲುವು. ತೊಟ್ಟಿಯನ್ನು ಕೊಡಿಸುವ ತಾಯಿತಂದೆಗಳು ಇದನ್ನು ಮೊದಲೇ ಮನಗಾಣತಕ್ಕದ್ದು. ಬರುವ ವರ್ಷ ನಮ್ಮ ಹುಡುಗನು ಓದಿಗಾಗಿ ಬೇರೆ ಊರಿಗೆ ಹೋಗುವವನಿದ್ದಾನೆ. ಮೊನ್ನೆ ಅಂಕೆಗಳ ಪುಸ್ತಕವನ್ನು ನನ್ನ ಕೈಗಿತ್ತು, ಭಾನುವಾರಕ್ಕೊಮ್ಮೆ ಹಲಸೂರಿನಿಂದ ಬಂದು ನೀರು ಬದಲಾಯಿಸುವಿರಾ ಎಂದು ಕೇಳಿದನು. ಒಪ್ಪಿದ್ದೇನೆ. ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅವನು ಬರೆದಿಟ್ಟಿರುವುದು ಇಷ್ಟೇ: ಇಂಗಿದುದಕ್ಕೆ ಸಿಹಿನೀರು.