ಬಿಟ್‌ಕಾಯಿನ್: ಸರ್ಕಾರ ತಡೆಯುವುದೋ, ಒಪ್ಪುವುದೋ?

ಪ್ರಶ್ನೆ: ಯಾರ ಹಿಡಿತಕ್ಕೂ ಸಿಗದ ಡಿಜಿಟಲ್ ಹಣವನ್ನು ಸರ್ಕಾರಗಳು ನಿಷೇಧಿಸುತ್ತವೆಯೇ, ಒಪ್ಪಿಕೊಳ್ಳುತ್ತವೆಯೇ? (ಲಿಂಗರಾಜಪುರದ ಓದುಗರು)

ಉತ್ತರ: ಇದಕ್ಕೆ ಉತ್ತರ ನಿಮ್ಮ ಪೂರ್ವ ಬೆಂಗಳೂರಿನಲ್ಲೇ ಇದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಸೂಚಿಸಿತು. ಬ್ಯಾಂಕಿನ ದಾರಿ ಮುಚ್ಚಿದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕ್ರಿಪ್ಟೊ ವಿನಿಮಯ ಕೇಂದ್ರ ನಡೆಸುವ ಯುನೊಕಾಯಿನ್ ಕಂಪನಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಕಟ್ಟುವ, ಪಡೆಯುವ ಯಂತ್ರವನ್ನಿಟ್ಟಿತು. ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರು ಅದನ್ನು ಜಪ್ತಿ ಮಾಡಿ ಸ್ಥಾಪಕರನ್ನು ಬಂಧಿಸಿದರು. ಗಮನಿಸಿ, ಆಗಲೂ ಬಿಟ್‌ಕಾಯಿನ್ ಜಾಲ ಒಂದು ಕ್ಷಣವೂ ನಿಲ್ಲಲಿಲ್ಲ. ನಿಂತದ್ದು ಅದು ರೂಪಾಯಿಯನ್ನು ಮುಟ್ಟುವ ಬಾಗಿಲು ಮಾತ್ರ. ಸರ್ಕಾರಗಳ ಶಕ್ತಿಯಿರುವುದೂ ಅಲ್ಲಿಯೇ.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದುಪಡಿಸಿತು. ಆಮೇಲೆ ಕೇಂದ್ರ ಸರ್ಕಾರ ನಿಷೇಧದ ಬದಲು ಬಾಗಿಲು ಕಾಯುವ ದಾರಿ ಹಿಡಿಯಿತು: 2022ರಲ್ಲಿ ಲಾಭಕ್ಕೆ ಶೇ 30 ತೆರಿಗೆ, ವರ್ಗಾವಣೆಗೆ ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ), 2023ರಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ವಿನಿಮಯ ಕೇಂದ್ರಗಳಿಗೆ ಗ್ರಾಹಕರ ಗುರುತು ದಾಖಲಿಸುವ ಹೊಣೆ. ವಿನಿಮಯ ಕೇಂದ್ರವೇ ಇಲ್ಲದೆ ಜನ ನೇರವಾಗಿ ಕೊಟ್ಟು ತೆಗೆದುಕೊಂಡರೆ ಎಂದು ನೀವು ಕೇಳಬಹುದು. ಅದು ಸಾಧ್ಯ, 2021ರಲ್ಲಿ ಚೀನಾ ಕ್ರಿಪ್ಟೊ ವಹಿವಾಟನ್ನೆಲ್ಲ ನಿಷೇಧಿಸಿದರೂ ಬಳಕೆ ಪೂರ್ತಿ ಅಳಿಯಲಿಲ್ಲ. ಆದರೆ ಸಂಬಳ, ಬಾಡಿಗೆ, ತೆರಿಗೆ ರೂಪಾಯಿಯಲ್ಲೇ ನಡೆಯುವವರೆಗೆ ಹೆಚ್ಚಿನವರು ಆ ಬಾಗಿಲಿಗೆ ಬರಲೇಬೇಕು. ಹಾಗಾಗಿ ನನ್ನ ಎಣಿಕೆಯಲ್ಲಿ ಬಹುತೇಕ ಸರ್ಕಾರಗಳು ಇದನ್ನು ಆಸ್ತಿಯೆಂದು ಸಹಿಸುತ್ತವೆ, ಹಣವೆಂದು ಒಪ್ಪುವುದಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಮಾನ್ಯತೆ ಸಿಕ್ಕಿತೆಂದು ನಂಬಿ ಉಳಿತಾಯವನ್ನೆಲ್ಲ ಇದಕ್ಕೆ ಸುರಿಯುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ.